ಶಾಸನಸಭೆಯಿಂದ ನ್ಯಾಯಪೀಠಕ್ಕೆ: ಲಾಕಿ ನಿಯು ನಡೆದ ದಾರಿ

ಲಾಕಿ ನಿಯು ಟೋಂಗಾದಲ್ಲಿ ವಕೀಲರಾಗಿದ್ದರು, ಶಾಸನಸಭೆಯಲ್ಲಿ ಪ್ರಜೆಗಳ ಪ್ರತಿನಿಧಿಯಾಗಿದ್ದರು, ಬಹಳ ವರ್ಷಗಳ ನಂತರ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ರಾಜಕಾರಣ ಮಾಡಿದವರು ನ್ಯಾಯಪೀಠ ಏರಿದರೆ ನಾವು ಅನುಮಾನದಿಂದ ನೋಡುತ್ತೇವೆ. ಆ ಅನುಮಾನ ಬೇಕಾದದ್ದೇ. ಆದರೆ ಸುಮಾರು ಒಂದು ಲಕ್ಷ ಜನರ ಆ ದ್ವೀಪರಾಜ್ಯದಲ್ಲಿ ಅದೊಂದನ್ನೇ ಅಳತೆಗೋಲು ಮಾಡಿಕೊಂಡರೆ ಈ ವೃತ್ತಿಜೀವನದ ತಿರುಳೇ ಕೈತಪ್ಪುತ್ತದೆ.

ಅವರು ಕೂತಿದ್ದ ಸಭೆ ಎಂಥದ್ದು? ಇಡೀ ದೇಶದ ಪ್ರಜೆಗಳಿಗೆ ಅಲ್ಲಿ ಒಂಬತ್ತು ಸ್ಥಾನ. ಮೂವತ್ತಮೂರು ಕುಲೀನ ಪದವಿಗಳನ್ನು ಹೊತ್ತವರಿಗೂ ಒಂಬತ್ತು. ಅದರ ಮೇಲೆ ದೊರೆ ನೇಮಿಸಿದ ಮಂತ್ರಿಗಳು. ಪ್ರಜೆಗಳ ಒಂಬತ್ತೂ ಮಂದಿ ಒಂದಾಗಿ ನಿಂತರೂ ಮತಕ್ಕೆ ಹಾಕಿದೊಡನೆ ಸೋಲು. ಸರ್ಕಾರ ವಿದೇಶೀಯರಿಗೆ ಪಾಸ್‌ಪೋರ್ಟ್ ಮಾರಿದ್ದನ್ನು ಇನ್ನೊಬ್ಬ ಪ್ರಜಾಪ್ರತಿನಿಧಿ ಅಕಿಲಿಸಿ ಪೊಹಿವಾ ಕೋರ್ಟಿಗೆ ಒಯ್ದಾಗ, 1991ರಲ್ಲಿ ಸರ್ಕಾರ ಸಂವಿಧಾನವನ್ನೇ ತಿದ್ದಿಸಿ ಹಿಂದಿನ ಮಾರಾಟವನ್ನೆಲ್ಲ ಸಕ್ರಮ ಮಾಡಿಕೊಂಡಿತು. ಆದ್ದರಿಂದ ಆ ಕಾಲದ ಪ್ರಜಾಪ್ರತಿನಿಧಿಯನ್ನು ಅವನು ಪಾಸು ಮಾಡಿಸಿದ ಕಾಯ್ದೆಗಳ ಲೆಕ್ಕದಲ್ಲಿ ಅಳೆಯುವುದು ಅನ್ಯಾಯ. ಸಭೆಯಲ್ಲಿ ಪ್ರಶ್ನೆ ಎತ್ತುವುದು, ಅಲ್ಲಿ ಸೋತದ್ದನ್ನು ಕೋರ್ಟಿನಲ್ಲಿ ಕೇಳುವುದು, ಉಳಿದಿದ್ದ ದಾರಿ ಇಷ್ಟೇ.

ಹಾಗೆ ಕೇಳಲು ಬಂದವರ ನಂಬಿಕೆಯನ್ನು ಕೋರ್ಟು ಉಳಿಸಿಕೊಂಡಿತು. 1996ರಲ್ಲಿ ಮಂತ್ರಿಯೊಬ್ಬರ ಮೇಲಿನ ದೋಷಾರೋಪಣೆಯ ಸೂಚನೆ ಸಭೆಗೆ ಬರುವ ಮೊದಲೇ ಪತ್ರಿಕೆಯಲ್ಲಿ ಬಂತೆಂದು ಪೊಹಿವಾ, ಆ ಪತ್ರಿಕೆಯ ಸಂಪಾದಕ ಕಲಾಫಿ ಮೊವಾಲಾ, ಅವರ ಸಹಾಯಕ ಫಿಲೊಕಲಾಫಿ ಅಕವೊಲಾ ಮೂವರಿಗೂ ಸಭೆ 30 ದಿನಗಳ ಸೆರೆವಾಸ ವಿಧಿಸಿತು. ದೂರುದಾರನೂ ಸಭೆಯೇ, ತೀರ್ಪುಗಾರನೂ ಸಭೆಯೇ. ಅವಧಿ ಮುಗಿಯುವ ಮುನ್ನ ಅವರನ್ನು ಬಿಡಿಸಿದವರು ಮುಖ್ಯ ನ್ಯಾಯಮೂರ್ತಿ ನೈಜೆಲ್ ಹ್ಯಾಂಪ್ಟನ್. 2003ರಲ್ಲಿ ಪತ್ರಿಕೆಗಳ ಬಾಯಿ ಕಟ್ಟಲು ಎರಡು ಕಾಯ್ದೆಗಳ ಜೊತೆ ಸಂವಿಧಾನ ತಿದ್ದುಪಡಿಯೂ ಬಂತು. ಮರುವರ್ಷ ಮುಖ್ಯ ನ್ಯಾಯಮೂರ್ತಿ ರಾಬಿನ್ ವೆಬ್‌ಸ್ಟರ್ ಆ ಕಾಯ್ದೆಗಳನ್ನು ತಳ್ಳಿಹಾಕಿದರು. ಸ್ವಾತಂತ್ರ್ಯದ ನಿಯಮಕ್ಕೆ ಧಕ್ಕೆ ತರುವ ತಿದ್ದುಪಡಿ ಸಲ್ಲದೆಂದು 1875ರ ಆ ಸಂವಿಧಾನದ 79ನೇ ವಿಧಿಯೇ ಹೇಳುತ್ತದೆ. ಧೈರ್ಯದ ತೀರ್ಪು, ಸಂಶಯವಿಲ್ಲ.

ಗಮನಿಸಬೇಕಾದ್ದೆಂದರೆ, ಈ ತೀರ್ಪುಗಳನ್ನು ಕೊಟ್ಟವರು ಹೊರದೇಶದಿಂದ ಕೆಲವು ವರ್ಷಗಳ ಮಟ್ಟಿಗೆ ಬಂದವರು. ಅವರಿಗೆ ಊರಿನ ನಂಟಿನ ಕಟ್ಟಿಲ್ಲ. ಅದು ಅವರ ಬಲ. ಆದರೆ ಊರಿನ ಹಕ್ಕನ್ನು ಯಾವಾಗಲೂ ಹೊರಗಿನವರೇ ಕಾಯಬೇಕು ಎನ್ನುವುದು ಯಾವ ದೇಶಕ್ಕೂ ಗೌರವವಲ್ಲ. ನಿಯು ಪೀಠಕ್ಕೆ ಬಂದದ್ದು ನನಗೆ ಮುಖ್ಯವೆನಿಸುವುದು ಇಲ್ಲೇ. ಉದಾಹರಣೆಗೆ, ಟೋಂಗಾದಲ್ಲಿ ಭೂಮಿ ಮಾರುವಂತಿಲ್ಲ, ಅದು ವಂಶದಲ್ಲಿ ಇಳಿದುಬರಬೇಕು. ಹಾಗಾಗಿ ಭೂವ್ಯಾಜ್ಯವೆಂದರೆ ಯಾರು ಯಾರ ಮಗ, ಯಾವ ಕುಲೀನ ಯಾರಿಗೆ ಏನು ಮಾತು ಕೊಟ್ಟಿದ್ದ ಎಂಬ ಜಗಳ. ಅಲ್ಲಿ ಮುದುಕನೊಬ್ಬ ಸಾಕ್ಷಿ ಹೇಳುತ್ತ ಎಲ್ಲಿ ತಡೆದ, ಯಾವ ಹೆಸರನ್ನು ನುಂಗಿಕೊಂಡ ಎಂಬುದು ದುಭಾಷಿಯ ಮೂಲಕ ದಾಟುವುದಿಲ್ಲ. ಅದೇ ಮಾತಿನಲ್ಲಿ ಹುಟ್ಟಿ ಬೆಳೆದ ನ್ಯಾಯಾಧೀಶನಿಗೆ ಅದು ನೇರವಾಗಿ ಕೇಳಿಸುತ್ತದೆ.

ಇದಕ್ಕೆ ಬೆಲೆಯೂ ಇದೆ. ಅಷ್ಟು ಚಿಕ್ಕ ಸಮಾಜದಲ್ಲಿ ಕಕ್ಷಿದಾರ ಹಳೆಯ ಬೆಂಬಲಿಗನೋ ಹಳೆಯ ವಿರೋಧಿಯೋ ಆಗಿರುವ ಸಾಧ್ಯತೆ ಹೆಚ್ಚು. ಪ್ರತಿ ತೀರ್ಪಿನಲ್ಲೂ ಕಾರಣಗಳನ್ನು ಬಿಡಿಸಿ ಬರೆಯುವುದು, ನಂಟಿದ್ದ ಕಡೆ ಹಿಂದೆ ಸರಿಯುವುದು, ಇವೆರಡು ಅಲ್ಲಿ ಬೇರೆಡೆಗಿಂತ ಕಠಿಣ ಕರ್ತವ್ಯ. ವೈಯಕ್ತಿಕ ಪ್ರಾಮಾಣಿಕತೆಯೊಂದೇ ಸಾಲದು.

ನನ್ನ ಗಟ್ಟಿಯಾದ ಆಕ್ಷೇಪ ವ್ಯಕ್ತಿಯ ಮೇಲಲ್ಲ, ನೇಮಕದ ಕ್ರಮದ ಮೇಲೆ. 2010ರ ಸುಧಾರಣೆಯಲ್ಲಿ 26 ಚುನಾಯಿತ ಸ್ಥಾನಗಳಲ್ಲಿ 17 ಪ್ರಜೆಗಳಿಗೆ ಬಂದವು, ಪ್ರಧಾನಿಯನ್ನು ಸಭೆಯೇ ಆರಿಸತೊಡಗಿತು. ನ್ಯಾಯಾಧೀಶರ ನೇಮಕ ಮಾತ್ರ ದೊರೆ ಮತ್ತು ಅವನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ ಕೈಯಲ್ಲೇ ಉಳಿಯಿತು. ಪ್ರಜೆಗಳ ಪರ ಕೂತಿದ್ದ ವಕೀಲರೂ ಪೀಠಕ್ಕೆ ಆ ಬಾಗಿಲಿನಿಂದಲೇ ಬರಬೇಕು. ಮೇಲ್ಮನವಿ ನ್ಯಾಯಾಲಯದಲ್ಲಿ ಇಂದಿಗೂ ಹೆಚ್ಚಾಗಿ ಕೂರುವವರು ಹೊರದೇಶದ ನ್ಯಾಯಾಧೀಶರು. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ವನುವಾಟು ಕೇಂದ್ರದಲ್ಲಿ ಕಾನೂನು ಓದಿ ಬರುವ ಟೋಂಗಾದ ಹುಡುಗ ಹುಡುಗಿಯರಿಗೆ ಆ ಪೀಠದವರೆಗೆ ಹೋಗುವ ದಾರಿ ಬಹಿರಂಗವಾಗಿ, ಅರ್ಜಿ ಹಾಕಿ, ಕಾರಣ ಕೇಳಿ ಪಡೆಯುವಂಥದ್ದಾಗಬೇಕು.