ಪೆಡಲ್ ಹಾರ್ಮೋನಿಯಂ ಹಿಂದೆ ಕುಳಿತವರು: ಚರ್ಚ್ ಸಂಗೀತದ ರಸಿಕರಿಗೊಂದು ಕೈಪಿಡಿ

ಕ್ರಿಸ್‌ಮಸ್ ಹಿಂದಿನ ರಾತ್ರಿ ಚರ್ಚಿಗೆ ಬಂದು, ಮೇಣದ ಬತ್ತಿಗಳನ್ನೂ ಕ್ವಾಯರಿನವರ ಬಿಳಿ ಅಂಗಿಗಳನ್ನೂ ಮೊಬೈಲಿನಲ್ಲಿ ತುಂಬಿಕೊಂಡು, ‘ಎಷ್ಟು ಶಾಂತವಾಗಿತ್ತು’ ಎಂದು ಹೇಳಿ ಹೊರಡುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಸ್ಟ್ರಿಯದ ಒಂದು ಪುಟ್ಟ ಊರಿನಲ್ಲಿ 1818ರಲ್ಲಿ ಗಿಟಾರಿನ ಜೊತೆ ಮೊದಲ ಸಲ ಹಾಡಿದ ‘ಸೈಲೆಂಟ್ ನೈಟ್’ ಒಂದನ್ನು ಕೇಳಿ ಚರ್ಚ್ ಸಂಗೀತ ತಿಳಿಯಿತು ಅಂದುಕೊಳ್ಳುವವರು ನಿಜಕ್ಕೂ ಏನನ್ನೂ ಕೇಳಿಲ್ಲ. ಹಾಡು ಮುಗಿದೊಡನೆ ಚಪ್ಪಾಳೆ ತಟ್ಟುವವರಂತೂ ತಾವು ಎಲ್ಲಿದ್ದೇವೆ ಎಂಬುದನ್ನೇ ಮರೆತವರು. ಅಲ್ಲಿ ಯಾರೂ ನಿಮಗಾಗಿ ಹಾಡಿರಲಿಲ್ಲ.

ನಿಜವಾಗಿ ಕೇಳಬೇಕೆಂಬ ಆಸೆಯಿದ್ದರೆ ಆಷಾಢದ ಜಡಿಮಳೆಯ ಒಂದು ಸಾಮಾನ್ಯ ಭಾನುವಾರ ಬನ್ನಿ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿಯಲ್ಲಿ ಹಳೆಯ ಬಾಸೆಲ್ ಮಿಶನ್ ಕಟ್ಟಿದ ಸಭೆಗಳಿವೆ. ಹಬ್ಬವಿಲ್ಲದ, ಅತಿಥಿಗಳಿಲ್ಲದ, ಅರ್ಧ ಬೆಂಚುಗಳು ಖಾಲಿಯಿರುವ ದಿನವೇ ಒಳ್ಳೆಯದು. ಹಿಂದಿನ ಬೆಂಚಿನಲ್ಲಿ ಕೂರಬೇಡಿ, ಅಲ್ಲಿ ಕೇಳಿಸುವುದು ಫ್ಯಾನಿನ ಸದ್ದು ಮಾತ್ರ. ನಡುವಿನಲ್ಲಿ, ಹಾಡಲು ಬಲ್ಲ ವಯಸ್ಸಾದ ಹೆಂಗಸರ ಪಕ್ಕದಲ್ಲಿ ಕೂರಿ. ಆಮೇಲೆ ವಾದ್ಯದ ಕಡೆಗಿರುವ ಗಮನವನ್ನು ಜನರ ಕಡೆಗೆ ತಿರುಗಿಸಿ. ಚರ್ಚ್ ಸಂಗೀತಗಾರರ ಕೆಲಸ ಅಳೆಯುವುದು ಸಭೆ ಹೇಗೆ ಹಾಡುತ್ತದೆ ಎಂಬುದರಿಂದ. ಅದರಲ್ಲೂ ಸಭೆ ಎಲ್ಲಿ ಉಸಿರೆಳೆಯುತ್ತದೆ ಎಂಬುದರಿಂದ.

ಇದನ್ನು ನನಗೆ ಕಲಿಸಿದವರು ನನ್ನ ದೊಡ್ಡಮ್ಮ. ಹಂಚಿನ ಕಾರ್ಖಾನೆಯ ಗುಮಾಸ್ತರೊಬ್ಬರ ಹೆಂಡತಿ, ನಾಲ್ಕು ಮಕ್ಕಳ ತಾಯಿ. ಪ್ರಾರ್ಥನೆಯಿಲ್ಲದೆ ಒಲೆ ಹಚ್ಚದ, ಬೈಬಲ್ ಓದದೆ ದೀಪ ಆರಿಸದ ಹೆಂಗಸು. ಮದುವೆಯಾಗಿ ಬಂದ ಮೇಲೆ ಮುದಿತನದವರೆಗೂ ಅದೇ ಸಭೆಯ ಪೆಡಲ್ ಹಾರ್ಮೋನಿಯಂ ನುಡಿಸಿದರು. ಅವರನ್ನು ಯಾವ ವೇದಿಕೆಯೂ ಕರೆಯಲಿಲ್ಲ. ಹೊರಗಿನ ರಸಿಕರ್‍ಯಾರೂ ಅವರನ್ನು ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಏನೂ ವಿಶೇಷ ಕಾಣುತ್ತಿರಲಿಲ್ಲ, ಏಕೆಂದರೆ ಏನನ್ನು ಕೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಶನಿವಾರ ಸಂಜೆ ಸಭಾಪಾಲಕರ ಮನೆಯಿಂದ ಮರುದಿನದ ಹಾಡುಗಳ ನಂಬರು ಬರೆದ ಚೀಟಿ ಬರುತ್ತಿತ್ತು. ದೊಡ್ಡಮ್ಮ ವಾದ್ಯದ ಹತ್ತಿರ ಹೋಗುತ್ತಿರಲಿಲ್ಲ. ಹಾಡಿನ ಪುಸ್ತಕವನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿ, ಮಸಾಲೆ ರುಬ್ಬುತ್ತ ಒಂದೊಂದೇ ಚರಣವನ್ನು ಮಾತಿನಂತೆ ಹೇಳಿಕೊಳ್ಳುತ್ತಿದ್ದರು. ಧಾಟಿಯಿಲ್ಲ, ತಾಳವಿಲ್ಲ, ಬರೀ ಮಾತು. ರುಬ್ಬುವ ಕೈ ತೊಳೆದು, ಸೆರಗಿಗೆ ಒರೆಸಿ, ಪೆನ್ಸಿಲಿನಲ್ಲಿ ಪುಟದ ಮೇಲೆ ಗುರುತು ಹಾಕುತ್ತಿದ್ದರು. ಅರ್ಥ ಮುಗಿದು ನಿಲ್ಲಬೇಕಾದಲ್ಲಿ ಒಂದು ನೆಟ್ಟ ಗೆರೆ. ತುಸು ಉಸಿರು ಸಾಕು ಎನ್ನುವಲ್ಲಿ ಒಂದು ಚಿಕ್ಕೆ. ಧಾಟಿ ನಿಂತರೂ ಮಾತು ಮುಂದಿನ ಸಾಲಿಗೆ ಹರಿಯುವಲ್ಲಿ, ಎರಡು ಸಾಲುಗಳನ್ನು ಸೇರಿಸುವ ಬಾಗಿದ ಗೆರೆ. ಆ ಬಾಗಿದ ಗೆರೆಯಲ್ಲಿ ಇಡೀ ಕಲೆ ಅಡಗಿದೆ.

ಏಕೆಂದರೆ ಇಂಥ ಹಾಡಿನಲ್ಲಿ ಧಾಟಿ ಒಂದೇ, ಚರಣಗಳು ನಾಲ್ಕೋ ಐದೋ. ಪ್ರತಿ ಚರಣಕ್ಕೂ ಅದೇ ಧಾಟಿ ಮರಳಿ ಬರುತ್ತದೆ, ಅದೇ ಜಾಗದಲ್ಲಿ ನಿಲ್ಲುತ್ತದೆ. ಆದರೆ ಮಾತು ಹಾಗೆ ನಿಲ್ಲುವುದಿಲ್ಲ. ಮೊದಲ ಚರಣದಲ್ಲಿ ಎರಡನೆಯ ಸಾಲಿಗೆ ವಾಕ್ಯ ಮುಗಿದಿರುತ್ತದೆ, ಮೂರನೆಯ ಚರಣದಲ್ಲಿ ಅದೇ ಜಾಗದಲ್ಲಿ ವಾಕ್ಯ ಅರ್ಧ ದಾರಿಯಲ್ಲಿರುತ್ತದೆ. ಕರ್ತೃ ಈ ಸಾಲಿನಲ್ಲಿ, ಕ್ರಿಯಾಪದ ಮುಂದಿನ ಸಾಲಿನಲ್ಲಿ. ಧಾಟಿಯನ್ನಷ್ಟೇ ನುಡಿಸುವವರು ಎಲ್ಲ ಚರಣಗಳನ್ನೂ ಒಂದೇ ಅಳತೆಗೆ ಕತ್ತರಿಸುತ್ತಾರೆ. ಸಭೆ ಅರ್ಥ ಬಿಟ್ಟು ಅಕ್ಷರ ಹಾಡುತ್ತದೆ. ಬಲ್ಲವರು ಮೂರನೆಯ ಚರಣದಲ್ಲಿ ಬೆರಳನ್ನು ಎತ್ತುವುದಿಲ್ಲ. ಕೆಳಗಿನ ಸ್ವರಗಳನ್ನು ಹಿಡಿದೇ ಮುಂದಿನ ಸಾಲಿಗೆ ದಾಟಿಸುತ್ತಾರೆ. ಜನ ತಮಗೇ ತಿಳಿಯದಂತೆ ಉಸಿರನ್ನು ಮುಂದಕ್ಕೆ ಹಾಕುತ್ತಾರೆ. ವಾಕ್ಯ ಪೂರ್ತಿಯಾಗುತ್ತದೆ, ಪ್ರಾರ್ಥನೆ ಪ್ರಾರ್ಥನೆಯಾಗುತ್ತದೆ.

ಕನ್ನಡದಲ್ಲಿ ಈ ಕಷ್ಟ ಇಮ್ಮಡಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಜೊತೆಗೆ ಜರ್ಮನ್ ಧಾಟಿಗಳು ಬಂದವು, ಆಮೇಲೆ ಇಂಗ್ಲಿಷ್ ಧಾಟಿಗಳು. ಅವು ಅಕ್ಷರ ಎಣಿಸುವ, ಒತ್ತು ನೋಡುವ ಹಾಡುಗಳು. ಎಂಟು, ಆರು, ಎಂಟು, ಆರು ಅಕ್ಷರದ ಸಾಲುಗಳು ಅವರಲ್ಲಿ ತುಂಬ ಬಳಕೆ. ನಮ್ಮ ಪದ್ಯ ಬದುಕುವುದು ಲಘು ಗುರುಗಳಲ್ಲಿ. ಎಂಟಕ್ಕೆ ಎಂಟು ಅಕ್ಷರ ಕೂಡಿಸಿದರೂ ಮಾತ್ರೆ ಕೂಡಿಬರಬೇಕೆಂದಿಲ್ಲ. ‘ಕರುಣೆ’ಯಲ್ಲಿ ಮೂರೂ ಲಘು. ಧಾಟಿಯ ಎರಡನೆಯ ಸ್ವರ ದೀರ್ಘವಾಗಿದ್ದರೆ ಸಭೆಯೆಲ್ಲ ‘ಕರೂಣೆ’ ಎಂದು ಎಳೆಯುತ್ತದೆ. ಇನ್ನೊಂದು ತೊಡಕು: ಇಂಗ್ಲಿಷಿನ ಎಷ್ಟೋ ಧಾಟಿಗಳು ಒತ್ತಿಲ್ಲದ ಸ್ವರದಿಂದ ಹೊರಡುತ್ತವೆ, ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಕಾಲೂರುತ್ತದೆ. ಹೀಗಾಗಿ ನಮ್ಮ ಗಟ್ಟಿ ಅಕ್ಷರ ಅವರ ಮೆತ್ತನೆಯ ಸ್ವರದ ಮೇಲೆ ಬೀಳುತ್ತದೆ.

ದೊಡ್ಡಮ್ಮ ಛಂದಸ್ಸು ಓದಿದವರಲ್ಲ. ಆದರೆ ‘ಕರುಣೆ’ ಬಂದಾಗ ಮೇಲಿನ ಸ್ವರದ ಬೆರಳನ್ನು ತುಸು ಬೇಗ ಎತ್ತಿ, ಕೆಳಗಿನ ಮೂರು ಸ್ವರಗಳನ್ನು ಹಿಡಿದಿರುತ್ತಿದ್ದರು. ಕಾಲ ಕೆಡಲಿಲ್ಲ, ಮಾತೂ ಕೆಡಲಿಲ್ಲ. ಮೊದಲ ಸ್ವರಕ್ಕೆ ಕಾಲಿನಿಂದ ಗಾಳಿಯ ಚೂರು ಬಲ ಕೊಟ್ಟು, ಕನ್ನಡದ ಮೊದಲಕ್ಷರಕ್ಕೆ ಅದರ ಹಕ್ಕು ಕೊಡಿಸುತ್ತಿದ್ದರು. ಇಂಥ ಒಂದು ಬೆರಳಿನ ಎತ್ತುವಿಕೆಯನ್ನು ಒಮ್ಮೆ ಗುರುತಿಸಿದಿರಾದರೆ ಆ ಭಾನುವಾರ ಸಾರ್ಥಕ.

ಇದಕ್ಕೆ ಪೆಡಲ್ ಹಾರ್ಮೋನಿಯಂ ಹೇಗೆ ಒದಗುತ್ತದೆ ಎಂದು ತಿಳಿದಿರಬೇಕು. ಕಂಪನಿ ನಾಟಕ ನೋಡಿದ ಹಿರಿಯರಿಗೆ ಕಾಲಿನಿಂದ ತುಳಿಯುವ ಈ ಪೆಟ್ಟಿಗೆ ಗೊತ್ತು. ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೆನ್ 1840ರ ದಶಕದ ಆರಂಭದಲ್ಲಿ ಹಾರ್ಮೋನಿಯಂ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು ಈ ತುಳಿಯುವ ವಾದ್ಯಕ್ಕೆ. ಒಂದಾದ ಮೇಲೊಂದು ಕಾಲು ತುಳಿದಂತೆ ತಿದಿ ತುಂಬುತ್ತದೆ, ಗಾಳಿ ಹಿತ್ತಾಳೆಯ ರೀಡುಗಳ ಮೂಲಕ ಹೋಗುತ್ತದೆ. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದ ಸಾಯತೊಡಗುತ್ತದೆ. ಇಲ್ಲಿ ಹಾಗಿಲ್ಲ, ಬೆರಳು ಇರುವವರೆಗೂ ಸ್ವರ ಇರುತ್ತದೆ. ಆದ್ದರಿಂದ ಬೆರಳು ಇಡುವುದಕ್ಕಿಂತ ಎತ್ತುವುದೇ ಇಲ್ಲಿ ದೊಡ್ಡ ವಿದ್ಯೆ. ಫ್ರೆಂಚ್ ಮಾದರಿಯ ಪೆಟ್ಟಿಗೆಗಳಲ್ಲಿ ಎಕ್ಸ್‌ಪ್ರೆಶನ್ ಎಂಬ ಗುಬುಟು ಇರುತ್ತದೆ. ಅದನ್ನು ಎಳೆದರೆ ಗಾಳಿ ನೇರವಾಗಿ ರೀಡಿಗೆ ಹೋಗುತ್ತದೆ, ಪಾದದ ಒಂದೊಂದು ಒತ್ತಡವೂ ಸ್ವರದಲ್ಲಿ ಕೇಳಿಸುತ್ತದೆ. ಕಾಲು ನಡುಗಿದರೆ ಹಾಡೂ ನಡುಗುತ್ತದೆ. ಅದಕ್ಕೇ ದೊಡ್ಡಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂರುತ್ತಿದ್ದರು.

ಗಮಕ ಬಾರದ ವಾದ್ಯವೆಂದು ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತ್ತು, ಮತ್ತೆ ಒಳಬಿಟ್ಟದ್ದು 1971ರಲ್ಲಿ. ರಾಗಸಂಗೀತಕ್ಕೆ ಆ ಆಕ್ಷೇಪ ಸಲ್ಲಬಹುದು. ನಾಲ್ಕು ದನಿಗಳು ಒಟ್ಟಿಗೆ ಹೋಗುವ ಸಂಗೀತಕ್ಕೆ ಅಲುಗದ ಸ್ವರವೇ ಬೇಕು. ಸೋಪ್ರಾನೋ, ಆಲ್ಟೋ, ಟೆನರ್, ಬಾಸ್ ನಾಲ್ಕಕ್ಕೂ ನೆಲ ಒದಗಿಸುವುದು ಆ ಸ್ಥಿರತೆ.

ನನಗೆ ಕಿವಿ ತೆರೆದ ದಿನ ಹೇಳುತ್ತೇನೆ. ನಾನಿನ್ನೂ ಹುಡುಗ, ಪುಟ ತಿರುವಲು ದೊಡ್ಡಮ್ಮನ ಪಕ್ಕ ನಿಲ್ಲುತ್ತಿದ್ದೆ. ಶುಭ ಶುಕ್ರವಾರದ ಆರಾಧನೆ. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯೊಂದರ ಧಾಟಿ ಮುಂದೆ ಯೇಸುವಿನ ಶ್ರಮೆಯ ಹಾಡಿನ ಧಾಟಿಯಾಯಿತು. ಅದೇ ಧಾಟಿಯನ್ನು ಅಂದು ಹಾಡುತ್ತಿದ್ದರು. ಮೂರನೆಯ ಚರಣಕ್ಕೆ ದೊಡ್ಡಮ್ಮ ಎರಡೂ ಕೈಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಅವರಿಗೆ ಮೈ ಸರಿಯಿಲ್ಲವೇನೋ ಎಂದು ನಾನು ಹೆದರಿದೆ. ಸಭೆ ನಿಲ್ಲಲಿಲ್ಲ. ಹಿಂದಿನ ಬೆಂಚುಗಳಿಂದ ಗಂಡಸರ ಬಾಸ್, ಬಲಗಡೆಯಿಂದ ಹೆಂಗಸರ ಆಲ್ಟೋ. ವಾದ್ಯದ ಕೆಳಗೆ ಇಷ್ಟು ದಿನ ಮುಚ್ಚಿಹೋಗಿದ್ದ ದನಿಗಳೆಲ್ಲ ಒಂದೊಂದಾಗಿ ಕೇಳಿಸಿದವು. ಪೆನ್ಸಿಲಿನ ಬಾಗಿದ ಗೆರೆ ಇದ್ದ ಜಾಗದಲ್ಲಿ ಯಾರೊಬ್ಬರೂ ಉಸಿರೆಳೆಯಲಿಲ್ಲ. ನಾಲ್ಕನೆಯ ಚರಣಕ್ಕೆ ಅವರು ಮತ್ತೆ ಕೈಯಿಟ್ಟಾಗ ಶ್ರುತಿ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅಂದಿನಿಂದ ನಾನು ಬೇರೆ ರೀತಿ ಕೇಳತೊಡಗಿದೆ.

ಮನೆಯಲ್ಲೂ ಅಭ್ಯಾಸ ಮಾಡಬಹುದು. ಬಾಖ್ ತನ್ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ ಹಾಸ್ಲರನ ಇದೇ ಧಾಟಿಯನ್ನು ಐದು ಸಲ ತರುತ್ತಾನೆ. ಮೇಲಿನ ಧಾಟಿ ಅದೇ, ಕೆಳಗಿನ ಮೂರು ದನಿಗಳು ಹೆಚ್ಚಿನ ಸಲ ಬದಲಾಗುತ್ತವೆ. ಐದನ್ನೂ ಸಾಲಾಗಿ ಕೇಳಿ, ಪ್ರತಿ ಸಲವೂ ಬಾಸ್ ದನಿಯೊಂದನ್ನೇ ಹಿಂಬಾಲಿಸಿ. ಕ್ರಿಸ್ತನ ಸಾವಿನ ನಂತರ ಬರುವ ಕೊನೆಯದರಲ್ಲಿ ಒಳದನಿಗಳು ಏನು ಮಾಡುತ್ತವೆ ಎಂದು ನೀವೇ ಕಂಡುಕೊಳ್ಳಬೇಕು.

ಬಾಖನ ಮಾತು ಬಂದಾಗ ಅವನ ಹೆಂಡತಿಯನ್ನು ನೆನೆಯದಿರುವುದು ಅನ್ಯಾಯ. ಅನ್ನಾ ಮಗ್ದಲೇನಾ 1701ರಲ್ಲಿ ಹುಟ್ಟಿದವಳು, ಕ್ಯೋಥೆನ್ ಅರಮನೆಯಲ್ಲಿ ಸಂಬಳ ಪಡೆಯುತ್ತಿದ್ದ ಗಾಯಕಿ. 1721ರಲ್ಲಿ ಬಾಖನನ್ನು ಮದುವೆಯಾದಳು. 1723ರಲ್ಲಿ ಸಂಸಾರ ಲೈಪ್‌ಜಿಗ್‌ಗೆ ಹೋಯಿತು. ಅಲ್ಲಿನ ಚರ್ಚುಗಳಲ್ಲಿ ಹೆಂಗಸರು ಹಾಡುವ ಪದ್ಧತಿ ಇರಲಿಲ್ಲ. ಹದಿಮೂರು ಮಕ್ಕಳನ್ನು ಹೆತ್ತಳು, ಏಳು ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಅದರ ನಡುವೆಯೇ ಗಂಡನ ಕೃತಿಗಳನ್ನು ಪ್ರತಿ ಮಾಡಿದಳು. ಇಂದು ಜಗತ್ತು ತಲೆದೂಗುವ ಚೆಲ್ಲೋ ಸ್ವೀಟುಗಳ ಬಾಖನ ಕೈಬರಹ ಉಳಿದಿಲ್ಲ. ಅವುಗಳನ್ನು ನಾವು ಓದುವುದು ಮುಖ್ಯವಾಗಿ ಅವಳ ಪ್ರತಿಯಿಂದ. 1760ರಲ್ಲಿ ದಾನದ ಮೇಲೆ ಬದುಕುತ್ತ ಸತ್ತಳು. ಚರ್ಚ್ ಸಂಗೀತ ಉಳಿದು ಬಂದದ್ದು ಇಂಥ ಕೈಗಳಿಂದ. ಪೋಸ್ಟರಿನಲ್ಲಿ ಹೆಸರು ಹುಡುಕುವ ಅಭ್ಯಾಸ ಇರುವವರು ಈ ಕಲೆಯಲ್ಲಿ ಆ ಅಭ್ಯಾಸ ಬಿಡಬೇಕು.

ಈಗಿನ ರುಚಿಯ ಬಗ್ಗೆ ನನಗೆ ಸಹನೆ ಇಲ್ಲ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ತಾಳ ತಾನೇ ಬಡಿದುಕೊಳ್ಳುತ್ತದೆ. ಆ ತಾಳ ಯಾವ ಚರಣಕ್ಕೂ ಕಾಯುವುದಿಲ್ಲ. ಮುದುಕರ ಉಸಿರಿಗೆ ಅದರಲ್ಲಿ ಜಾಗವಿಲ್ಲ. ಎರಡು ದೊಡ್ಡ ಸ್ಪೀಕರು, ಮೈಕು ಹಿಡಿದ ನಾಲ್ವರು, ಗೋಡೆಯ ಮೇಲೆ ಓಡುವ ಸಾಲುಗಳು. ಸಭೆ ಬಾಯಿ ಆಡಿಸುತ್ತ ನೋಡುತ್ತ ನಿಲ್ಲುತ್ತದೆ. ಲೂಥರನ ಕಾಲದಲ್ಲಿ, 1524ರಲ್ಲಿ, ಮೊದಲ ಹಾಡಿನ ಪುಸ್ತಕಗಳು ಅಚ್ಚಾದದ್ದು ಜನರ ಬಾಯಿಗೆ ಹಾಡು ಕೊಡಲು. ಐನೂರು ವರ್ಷ ಕಳೆದ ಮೇಲೆ ನಾವದನ್ನು ಜನರ ಬಾಯಿಂದ ಕಿತ್ತು ಸ್ಪೀಕರಿಗೆ ಕೊಡುತ್ತಿದ್ದೇವೆ.

ಇನ್ನುಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಮದುವೆಗಳಲ್ಲಿ ನುಡಿಸುವ ವಾಗ್ನರ್ ಮತ್ತು ಮೆಂಡೆಲ್ಸನ್ನರ ಮೆರವಣಿಗೆಗಳು ರಂಗಭೂಮಿಗಾಗಿ ಬರೆದವು, ಅವನ್ನು ಕೇಳಿ ಚರ್ಚ್ ಸಂಗೀತದ ಬಗ್ಗೆ ತೀರ್ಪು ಕೊಡಬೇಡಿ. ದೇಶಿ ಮಟ್ಟುಗಳ ಕ್ರೈಸ್ತ ಕೀರ್ತನೆಗಳದ್ದು ಬೇರೆಯೇ ಲೋಕ. ನಿಘಂಟಿನ ಕಿಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದ್ದರು. ಲಘು ಗುರುವಿನ ಜಗಳವಿಲ್ಲದ ಆ ದಾರಿಯಲ್ಲಿ ಹೆಚ್ಚು ಜನ ನಡೆಯಬೇಕಿತ್ತು. ಕ್ವಾಯರಿನ ವಿಶೇಷ ಗೀತೆಗಳನ್ನು ಕೇಳಿ, ಆದರೆ ಅದು ಊಟದ ಕೊನೆಯ ಪಾಯಸ, ಅನ್ನವಲ್ಲ.

ದೊಡ್ಡಮ್ಮ ತೀರಿಕೊಂಡಾಗ ವಾದ್ಯದ ಮುಂದೆ ಹೊಸ ಹುಡುಗನೊಬ್ಬ ಕುಳಿತಿದ್ದ. ಕೈ ಚುರುಕು, ಆತುರ ಜಾಸ್ತಿ. ಮೊದಲೆರಡು ಚರಣ ಸಭೆಯನ್ನು ಎಳೆದುಕೊಂಡೇ ಹೋದ. ಮೂರನೆಯ ಚರಣದಲ್ಲಿ, ಸಾಲಿನ ಕೊನೆಗೆ ಅವನು ಬೆರಳೆತ್ತಿದ, ಜನ ನಿಲ್ಲಲಿಲ್ಲ. ವಾಕ್ಯ ಮುಗಿಯುವವರೆಗೂ ಹೋಗಿ, ಅಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದರು. ಅವನು ಅವರಿಗಾಗಿ ಕಾಯಬೇಕಾಯಿತು. ಪುಸ್ತಕದ ಪೆನ್ಸಿಲ್ ಗುರುತುಗಳನ್ನು ನೋಡಿದ್ದವನು ನಾನೊಬ್ಬ. ಜನರಿಗೆ ಅವು ಬಾಯಿಪಾಠವಾಗಿದ್ದವು. ಚರಮಗೀತೆ ಬರೆದವರು ದೊಡ್ಡಮ್ಮನನ್ನು ಪತಿವ್ರತೆ, ಮಮತೆಯ ತಾಯಿ, ದೇವಭಕ್ತೆ ಎಂದೆಲ್ಲ ಹೊಗಳಿದರು. ಎಲ್ಲವೂ ನಿಜ. ಆದರೆ ಒಂದು ಊರಿನ ಜನಕ್ಕೆ ಅರ್ಥ ಕೆಡದಂತೆ ಉಸಿರಾಡಲು ಕಲಿಸಿದರು ಎಂದು ಯಾರೂ ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ಹಾಡಿನ ನಂಬರು ಬೋರ್ಡಿನ ಮೇಲೆ ಕಂಡೊಡನೆ ಪುಸ್ತಕ ತೆಗೆದು, ಚರಣಗಳನ್ನು ಮಾತಿನಂತೆ ಒಮ್ಮೆ ಓದಿಕೊಳ್ಳಿ. ಅರ್ಥ ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಹಾಡುವಾಗ ಪಕ್ಕದವರ ಉಸಿರು ಅಲ್ಲೇ ಬೀಳುತ್ತದೋ ಇಲ್ಲವೋ ಗಮನಿಸಿ. ಕೆಲವು ವಾರ ಕಳೆದ ಮೇಲೆ ಧಾಟಿ ಬಿಟ್ಟು ಆಲ್ಟೋ ಅಥವಾ ಬಾಸ್ ದನಿಯನ್ನು ಹಿಡಿಯಲು ಯತ್ನಿಸಿ. ನಂಬಿಕೆ ಇದ್ದವರು ಪ್ರಾರ್ಥಿಸುತ್ತ ಹಾಡಿ, ಇಲ್ಲದವರು ಬರೀ ಹಾಡಿ. ಬಾಯಿ ತೆರೆಯದೆ ಈ ಸಂಗೀತ ಯಾರಿಗೂ ದಕ್ಕಿಲ್ಲ, ನಿಮಗೂ ದಕ್ಕುವುದಿಲ್ಲ.