ಮಳಖೇಡದ ನೆರೆಯಲ್ಲಿ ದೋಷವಿಚಾರ

ಕನ್ನಡದಲ್ಲಿ ಈವರೆಗೆ ದೊರೆತಿರುವ ಗ್ರಂಥಗಳಲ್ಲೆಲ್ಲ ಪ್ರಾಚೀನವಾದ ‘ಕವಿರಾಜಮಾರ್ಗ’ವು ಸ್ತುತಿ ಪೀಠಿಕೆಗಳನ್ನೂ ನಾಡುನುಡಿಗಳ ವರ್ಣನೆಯನ್ನೂ ಮುಗಿಸಿ ಶಾಸ್ತ್ರಕ್ಕೆ ಕೈಯಿಟ್ಟೊಡನೆ ಎತ್ತಿಕೊಳ್ಳುವುದು ಬರೆಹದ ದೋಷಗಳ ವಿಚಾರವನ್ನು; ಮೂರು ಪರಿಚ್ಛೇದಗಳ ಆ ಕೃತಿಯಲ್ಲಿ ಮೊದಲನೆಯದು ದೋಷಾದೋಷಗಳ ನಿರ್ಣಯಕ್ಕೇ ಮೀಸಲಾಗಿದೆ. ಸುಮಾರು 850ರ ಹೊತ್ತಿಗೆ ಶ್ರೀವಿಜಯನು ಇದನ್ನು ರಚಿಸಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ; ಆ ಆಸ್ಥಾನವಿದ್ದ ಮಾನ್ಯಖೇಟವೇ ಇಂದು ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ, ಸಿಮೆಂಟು ಕಾರ್ಖಾನೆಗಳ ನೆರೆಯಲ್ಲಿ ಮಳಖೇಡವೆಂಬ ಹೆಸರಿನಿಂದ ಉಳಿದಿದೆ. ಬರೆಯುವವನು ಓದುವವನನ್ನು ಎಲ್ಲೆಲ್ಲಿ ನೋಯಿಸುತ್ತಾನೆಂಬ ಪ್ರಶ್ನೆಯನ್ನು ಇಷ್ಟು ಹಿಂದೆಯೇ ಕೇಳಿದ ನೆಲ ಇದಾದುದರಿಂದ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಇಂದಿನ ಗೋಡೆಬರೆಹ, ಲಗ್ನಪತ್ರಿಕೆ, ಕಚೇರಿಯ ಪ್ರಕಟಣೆ, ವಾರ್ತಾಪತ್ರಗಳ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನೆತ್ತುವುದು ಅನುಚಿತವೆನಿಸಲಾರದು.

ಈ ಭಾಗದ ಬರೆಹವನ್ನು ಕುರಿತ ದೂರೊಂದು ಬಹಳ ಹಳೆಯದು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧಿಕಾರಿಗಳೂ ಅಧ್ಯಾಪಕರೂ, ಇನ್ನೂ ಬಾಡಿಗೆಮನೆ ಹುಡುಕುತ್ತಿರುವಾಗಲೇ, ‘ಈ ಕಡೆಯವರಿಗೆ ಶುದ್ಧ ಕನ್ನಡ ಬಾರದು’ ಎಂದು ತೀರ್ಪು ಕೊಟ್ಟುಬಿಡುವುದುಂಟು. ಈ ತೀರ್ಪಿನಲ್ಲಿ ಆಡುಮಾತಿನ ಭೇದವೂ ಬರೆಹದ ದೋಷವೂ ಕಲಸಿಹೋಗಿವೆ. ‘ಬರ್ಲಾಕತ್ತಾರ’ ಎಂಬುದಾಗಲಿ ‘ದವಾಖಾನಿಗಿ ಹೋಗ್ಯಾನ’ ಎಂಬುದಾಗಲಿ ತನ್ನದೇ ನಿಯಮಕ್ಕೆ ಬದ್ಧವಾದ, ಕೇಳುವವನಿಗೆ ಕ್ಷಣಮಾತ್ರವೂ ಸಂಶಯವುಳಿಸದ ನುಡಿ. ಮಾರ್ಗಕಾರನಾದ ಶ್ರೀವಿಜಯನು ಈ ವಿಷಯದಲ್ಲಿ ತನ್ನ ಅನೇಕ ಅನುಯಾಯಿಗಳಿಗಿಂತ ಉದಾರಿ: ಕನ್ನಡಗಳಲ್ಲಿ ದೇಸಿಗಳು ಬೇರೆಬೇರೆಯಾಗಿರುವುದರಿಂದ ದೋಷವಿಷ್ಟೇ ಎಂದು ಎಣಿಸಹೊರಟರೆ ಸ್ವತಃ ವಾಸುಕಿಯೂ ಬೇಸರಗೊಳ್ಳುವನೆಂದು ಅವನು ಒಪ್ಪಿಕೊಂಡಿದ್ದಾನೆ. ಕನ್ನಡ ಎಂದು ಏಕವಚನದಲ್ಲಿ ಹೇಳದೆ ಬಹುವಚನದಲ್ಲಿ ಹೇಳಿದ ಆ ಪ್ರಾಚೀನನ ವಿವೇಕ ಬಾಡಿಗೆಮನೆಯ ವಿಮರ್ಶಕರಿಗೂ ಬರಬೇಕಾಗಿದೆ.

ಹಾಗಾದರೆ ದೋಷಗಳೇ ಇಲ್ಲವೆ? ಹೇರಳವಾಗಿವೆ. ಊರ ಬಸ್‌ನಿಲ್ದಾಣದ ಎದುರು ಕಟ್ಟಿದ ಯಾವುದೇ ಫ್ಲೆಕ್ಸ್ ಫಲಕವನ್ನು ನೋಡಿದರೂ ‘ಹಾರ್ಧಿಕ ಶುಭಾಷಯಗಳು’ ಎಂದಿರುತ್ತದೆ. ಶಾಲೆಯ ಗೋಡೆಯ ಮೇಲೆ ‘ವಿಧ್ಯಾರ್ಥಿ’, ನುಣುಪಾದ ಶಿಲಾಫಲಕದ ಮೇಲೆ ‘ಉಧ್ಘಾಟನೆ’, ಲಗ್ನಪತ್ರಿಕೆಯಲ್ಲಿ ‘ಆರ್ಶೀವಾದ’. ಕೊನೆಯದರ ಕಾರಣ ಲಿಪಿಯಲ್ಲಿಯೇ ಇದೆ: ಉಚ್ಚಾರದಲ್ಲಿ ಮೊದಲು ಬರುವ ರಕಾರವನ್ನು ಅರ್ಕಾವತ್ತಾಗಿ ಅಕ್ಷರದ ಅನಂತರ ಬರೆಯುವುದರಿಂದ, ಅದು ಯಾವ ಅಕ್ಷರಕ್ಕೆ ಸೇರಬೇಕೆಂಬುದು ತಿಳಿಯದ ಕೈ ಅದನ್ನು ಒಂದು ಮನೆ ಹಿಂದಕ್ಕೆ ಇಟ್ಟುಬಿಡುತ್ತದೆ. ಆದರೆ ಉಳಿದವುಗಳಿಗೆ ಈ ಕ್ಷಮೆ ಸಲ್ಲದು. ಮಹಾಪ್ರಾಣಗಳು ಕನ್ನಡಿಗರ ಸಹಜೋಚ್ಚಾರದಲ್ಲಿಲ್ಲ, ಬರೆಹದಲ್ಲಿಯೂ ಅವು ಬೇಡವೆಂಬುದು ಭಾಷಾವಿಜ್ಞಾನಿ ಡಿ. ಎನ್. ಶಂಕರಭಟ್ಟರ ಪಕ್ಷ, ಅದನ್ನು ಒಪ್ಪುವುದಾದರೆ ‘ವಿದ್ಯಾರ್ತಿ’ ಎಂದು ಬರೆಯಬೇಕಾದೀತು, ಒಪ್ಪದಿದ್ದರೆ ‘ವಿದ್ಯಾರ್ಥಿ’. ‘ವಿಧ್ಯಾರ್ಥಿ’ಯಾದರೋ ಎರಡು ಪಕ್ಷಕ್ಕೂ ಸೇರದು, ಏಕೆಂದರೆ ಅಲ್ಲಿ ಇರುವ ಮಹಾಪ್ರಾಣ ಸಾಲದೆಂದು ಇಲ್ಲದ ಇನ್ನೊಂದನ್ನು ತಂದು ತೊಡಿಸಿದೆ. ಈ ತಪ್ಪು ಹುಟ್ಟುವುದು ಅಜ್ಞಾನದಿಂದ ಮಾತ್ರವಲ್ಲ. ಮಾತು ದೊಡ್ಡದಾಗಿ ಕಾಣಲಿ, ಬರೆದವನು ಹಳ್ಳಿಯವನೆಂದು ಯಾರೂ ಹೇಳದಿರಲಿ ಎಂಬ ಅಂಜಿಕೆಯೂ ಅದರಲ್ಲಿದೆ.

ಈ ಅಂಜಿಕೆಗೆ ಇತಿಹಾಸದ ಆಧಾರವುಂಟು. 1948ರ ಸೆಪ್ಟೆಂಬರಿನವರೆಗೆ ಈ ಊರುಗಳೆಲ್ಲ ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ದಫ್ತರದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚಶಿಕ್ಷಣದ ಮಾಧ್ಯಮವೂ ಅದೇ. ಮನೆ, ಹೊಲ, ಸಂತೆ, ಭಜನೆಗಳಲ್ಲಿ ಬದುಕಿದ್ದ ಕನ್ನಡಕ್ಕೆ ಕಾಗದದ ಮೇಲೆ ಬೆಳೆಯುವ ಅವಕಾಶ ಅತ್ಯಲ್ಪವಾಗಿತ್ತು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯಕ್ಕೆ ಸೇರಿದಾಗ ಈ ಜನಕ್ಕೆ ಕಚೇರಿಯ ಕನ್ನಡ ಸಿದ್ಧವಸ್ತುವಾಗಿ, ಬೇರೆಡೆಯ ಅಳತೆಗೆ ಹೊಲಿದ ಅಂಗಿಯಂತೆ, ಹೊರಗಿನಿಂದ ಬಂತು. ತಾವು ಆಡುವ ನುಡಿ ಬರೆಯತಕ್ಕದ್ದಲ್ಲವೆಂದೂ ಬರೆಯತಕ್ಕ ನುಡಿ ತಾವು ಆಡತಕ್ಕದ್ದಲ್ಲವೆಂದೂ ಇಲ್ಲಿಯವರು ಅಂದೇ ತೀರ್ಮಾನಿಸಿಕೊಂಡಂತಿದೆ.

ಅಕ್ಷರದ ತಪ್ಪುಗಳನ್ನು ನಾನು ಲಘುವಾಗಿಯೇ ಎಣಿಸುತ್ತೇನೆ. ಶಕಾರದ ಸ್ಥಾನದಲ್ಲಿ ಸಕಾರ ಬರುವುದನ್ನು ಶಾಸನಗಳ ಸಂಪಾದಕರು ಮತ್ತೆ ಮತ್ತೆ ಗುರುತಿಸಿದ್ದಾರೆ. ಕಲ್ಲಿನಲ್ಲಿ ಕೊರೆದವರೂ ತಪ್ಪಿದ್ದಾರೆ. ಆದರೆ ಶಾಸನವನ್ನು ಓದಿದವನಿಗೆ ದಾನ ಕೊಟ್ಟವರಾರು, ಪಡೆದವರಾರು, ಭೂಮಿಯೆಷ್ಟು, ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದರಲ್ಲಿ ಸಂಶಯ ಉಳಿಯುವುದು ಅಪರೂಪ. ಚಿತ್ತಾಪುರಕ್ಕೆ ಹೊಂದಿಕೊಂಡ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನವನ್ನೇ ನೋಡಬಹುದು: ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಆ ಬರೆಹವು ಅಲ್ಲಿ ವೇದಶಾಸ್ತ್ರಗಳನ್ನು ಕಲಿಸುವವರೆಷ್ಟು, ಕಲಿಯುವವರೆಷ್ಟು ಎಂಬುದನ್ನು ಹೇಳುವುದಲ್ಲದೆ, ಪುಸ್ತಕಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿಯೆಂಬುದನ್ನೂ ಬಿಡದೆ ತಿಳಿಸುತ್ತದೆ. ರಾಜನ ಬಿರುದುಗಳಲ್ಲಿ ಆಡಂಬರ ಎಷ್ಟಿದ್ದರೂ ವ್ಯವಹಾರದ ಮಾತಿಗೆ ಬಂದಾಗ ಶಾಸನಕಾರ ನೆಲಕ್ಕಿಳಿಯುತ್ತಿದ್ದನು.

ಇಂದಿನ ಪ್ರಕಟಣೆ ನೆಲಕ್ಕಿಳಿಯುವುದಿಲ್ಲ. ಬೇಸಿಗೆಯಲ್ಲಿ ಈ ಪಟ್ಟಣಗಳಲ್ಲೊಂದರ ಗೋಡೆಗೆ ಅಂಟಿಸಿದ್ದ ಕಾಗದದ ಒಕ್ಕಣೆ ಹೆಚ್ಚುಕಡಿಮೆ ಹೀಗಿತ್ತು: ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾಂತ್ರಿಕ ಕಾರಣಗಳಿಂದಾಗಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ, ಮುಂದಿನ ಆದೇಶದವರೆಗೆ ಸಹಕರಿಸಬೇಕಾಗಿ ಕೋರಲಾಗಿದೆ.’ ಇದರಲ್ಲಿ ಅಕ್ಷರದೋಷ ಒಂದೂ ಇಲ್ಲ. ವ್ಯಾಕರಣದ ಪರೀಕ್ಷಕನು ಪೂರ್ಣಾಂಕ ಕೊಟ್ಟಾನು. ಆದರೆ ನೀರು ಎಂದು ನಿಲ್ಲುತ್ತದೆ, ಎಷ್ಟು ದಿನ ಬಾರದು, ಯಾವ ಓಣಿಗೆ ಬಾರದು, ಕೋರುತ್ತಿರುವವರು ಯಾರು, ಸಹಕರಿಸುವುದೆಂದರೆ ಏನು ಮಾಡುವುದು? ಅದನ್ನು ಓದಿಸಿಕೊಂಡ ಹೆಣ್ಣುಮಗಳೊಬ್ಬಳು ಪಕ್ಕದವಳಿಗೆ ಹೇಳಿದ್ದು ಇಷ್ಟೇ: ‘ನೀರ್ ಬರಂಗಿಲ್ಲಂತ ನೋಡವ್ವಾ, ತುಂಬಿಟ್ಕೋ.’ ಕಾಗದವನ್ನು ಬರೆದವರಿಗೆ ಹೊಳೆಯದಿದ್ದ ‘ತುಂಬಿಟ್ಟುಕೊಳ್ಳುವುದು’ ಅವಳಿಗೆ ಹೊಳೆಯಿತು. ವಾಕ್ಯಕ್ಕೆ ಬೇಕಾದ ಕ್ರಿಯಾಪದ ಅದೊಂದೇ ಆಗಿತ್ತು.

ಈ ‘ಲಾಗಿದೆ’ ‘ಲಾಗುವುದು’ಗಳ ಹಾವಳಿಯೇ ನನ್ನ ಮಟ್ಟಿಗೆ ಮುಖ್ಯ ದೋಷ. ಕರ್ಮಣಿ ಪ್ರಯೋಗವು ಕನ್ನಡಕ್ಕೆ ಅಪರಿಚಿತವಲ್ಲ. ಆದರೆ ನಮ್ಮ ಮಾತು ಕರ್ತೃವನ್ನು ಮುಂದಿಟ್ಟುಕೊಂಡೇ ನಡೆಯುತ್ತದೆ. ಕ್ರಮ ಕೈಗೊಳ್ಳಲಾಗುವುದು, ಅರ್ಜಿ ತಿರಸ್ಕರಿಸಲಾಗಿದೆ, ಪರಿಶೀಲಿಸಲಾಗುತ್ತಿದೆ ಎಂಬಲ್ಲಿ ಕ್ರಿಯೆಯುಂಟು, ಕರ್ತೃವಿಲ್ಲ; ಪಹಣಿಯ ತಿದ್ದುಪಡಿಗಾಗಿ ಚಿಂಚೋಳಿಯ ಹಳ್ಳಿಯಿಂದ ಬಂದ ರೈತನು ಯಾರ ಮೇಜಿನ ಮುಂದೆ ನಿಲ್ಲಬೇಕೆಂದು ಆ ಕಾಗದ ಹೇಳುವುದಿಲ್ಲ. ಪತ್ರಿಕೆಗಳಿಗೂ ಈ ರೋಗ ತಗುಲಿ, ‘ಎನ್ನಲಾಗಿದೆ’ ಎಂಬ ಒಂದು ಬಾಲ ಸಿಕ್ಕಿದರೆ ವರದಿಗಾರನು ಯಾವ ವದಂತಿಯನ್ನಾದರೂ ಅಚ್ಚಿಗೆ ಕಳಿಸಬಲ್ಲನು.

ಇದಕ್ಕೆ ಹೋಲಿಸಿದರೆ ಪಂಡಿತರು ಮೂಗು ಮುರಿಯುವ ಇತರ ದೋಷಗಳು ನಿರುಪದ್ರವಿ. ಕನ್ನಡ ಸಂಸ್ಕೃತಗಳನ್ನು ಬೆಸೆಯುವ ಸಮಾಸವನ್ನು ಮಾರ್ಗಕಾರನೂ, ಹದಿಮೂರನೆಯ ಶತಮಾನದಲ್ಲಿ ವೈಯಾಕರಣ ಕೇಶಿರಾಜನೂ ದೋಷವೆಂದು ನಿಷೇಧಿಸಿದ್ದಾರೆ; ಆದರೂ ತೊಗರಿ ಬೆಳೆಯುವವನಿಗೆ ‘ಬೆಳೆಹಾನಿ’ಯೆಂಬ ಅರಿಸಮಾಸ ಬೇಕೇಬೇಕು, ಅದರಿಂದ ಯಾವ ಓದುಗನಿಗೂ ತಲೆನೋವಾದದ್ದಿಲ್ಲ. ಇಲ್ಲಿ ನಾನು ರೈತನ ಕಡೆ. ಚಿತ್ತಾಪುರವೋ ಚಿತ್ತಾಪೂರವೋ, ಶಹಾಬಾದವೋ ಶಹಾಬಾದ್ ಎಂಬ ಅರ್ಧಾಕ್ಷರವೋ ಎಂಬ ಜಗಳವನ್ನು, ಒಂದು ರೂಪವನ್ನು ನಿಶ್ಚಯಿಸಿ ಮುಗಿಸಬಹುದು. ಸ್ವರಾಂತವೇ ಕನ್ನಡದ ಕಿವಿಗೆ ಹಿತವಾದುದರಿಂದ ನನ್ನ ಮತ ಶಹಾಬಾದಕ್ಕೆ. ಲಗ್ನಪತ್ರಿಕೆಯ ಕೊನೆಯಲ್ಲಿ ಬರುವ ‘ತಮ್ಮ ಸುಖಾಗಮನ ಬಯಸುವವರು’ ಎಂಬುದನ್ನಂತೂ, ಎಷ್ಟು ಸವೆದಿದ್ದರೂ, ಯಾರೂ ಮುಟ್ಟಬಾರದು. ಕರೆಯುವವರ ಹೆಸರು ಅದರ ಕೆಳಗೇ ಇರುತ್ತದೆ.

ಮಾರ್ಗಕಾರನು ಕನ್ನಡದ ತಿರುಳನ್ನು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ತಾನು ಕುಳಿತು ಬರೆದ ರಾಜಧಾನಿಯನ್ನು ಅವನು ಆ ಎಲ್ಲೆಯೊಳಗೆ ಸೇರಿಸಿಕೊಳ್ಳಲಿಲ್ಲ. ಆದುದರಿಂದ ಈ ಊರುಗಳ ಬರೆಹಗಾರರು ತಿರುಳುಗನ್ನಡದವರನ್ನು ಅನುಕರಿಸಿ ದೊಡ್ಡವರೆನಿಸಿಕೊಳ್ಳುವ ಹೊಣೆಯನ್ನು ಹೊರಬೇಕಾದ್ದಿಲ್ಲ. ಕಚೇರಿಗಳಲ್ಲಿ ಪ್ರಕಟಣೆ ಬರೆಯುವ ಮಹನೀಯರಲ್ಲಿ ಬಿನ್ನಹವಿಷ್ಟು: ‘ಸದರಿ’ಯನ್ನೂ ‘ಈ ಮೂಲಕ’ವನ್ನೂ ಬಿಟ್ಟು, ನೀರು ಯಾವ ದಿನದಿಂದ ಯಾವ ದಿನದವರೆಗೆ, ಯಾವ ಓಣಿಗೆ ಬರುವುದಿಲ್ಲವೆಂದು ಬರೆದು, ಕೆಳಗೆ ತಮ್ಮ ಹುದ್ದೆಯನ್ನೂ ದೂರವಾಣಿ ಸಂಖ್ಯೆಯನ್ನೂ ನಮೂದಿಸಿರಿ, ಒತ್ತಕ್ಷರವೊಂದು ತಪ್ಪಿದ್ದರೆ ಓದುವವರು ತಾವೇ ತಿದ್ದಿಕೊಳ್ಳುವರು.