ಪಹಣಿಯ ತಲೆಸಾಲು

ನಜರ್‌ಬಾದಿನ ಮಿನಿ ವಿಧಾನಸೌಧದ ಎದುರು, ಅರ್ಜಿ ಬರೆದುಕೊಡುವವರು ಕೂರುವ ಕಡೆ ಹಿರಿಯರೊಬ್ಬರು ನನ್ನ ಕೈಗೆ ಒಂದು ಪಹಣಿ ಕೊಟ್ಟರು. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರಂತೆ.

‘ಒಸಿ ಓದಪ್ಪ, ಹೋಬ್ಳಿ ಯಾವ್ದು ಅಂತ ಹಾಕವ್ರೆ?’

‘ಕಸಬಾ ಅಂತ ಇದೆ ಯಜಮಾನ್ರೇ.’

‘ಕಸಬಾ ಅಂದ್ರೆ ಯಾವೂರು?’

ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಮೈಸೂರು ತಾಲ್ಲೂಕಿನ ಉಳಿದ ಹೋಬಳಿಗಳಿಗೆ ಊರಿನ ಹೆಸರಿದೆ: ವರುಣಾ, ಜಯಪುರ, ಇಲವಾಲ. ಕಸಬಾಕ್ಕೆ ಮಾತ್ರ ಊರಿಲ್ಲ. ನಂಜನಗೂಡಿನಲ್ಲೂ ಕಸಬಾ, ಹುಣಸೂರಿನಲ್ಲೂ ಕಸಬಾ, ಪಿರಿಯಾಪಟ್ಟಣದಲ್ಲೂ ಕಸಬಾ. ತಾಲ್ಲೂಕಿನ ಮುಖ್ಯ ಊರಿರುವ ಹೋಬಳಿ ಎಂಬುದಕ್ಕೆ ಕಂದಾಯ ಇಲಾಖೆ ಬಳಸುವ ಮಾತು ಅದು. ಅರಬ್ಬಿಯಿಂದ ಬಂದದ್ದು. ಜಿಲ್ಲೆ, ತಾಲ್ಲೂಕು ಎಂಬ ಮಾತುಗಳೂ ಅಲ್ಲಿಂದಲೇ ಬಂದವು, ಆದರೆ ಅವು ಜನರ ಬಾಯಲ್ಲಿ ಕರಗಿ ಕನ್ನಡವೇ ಆಗಿವೆ. ಕಸಬಾ ಎಂಬುದು ಕಾಗದದಿಂದ ಈಚೆಗೆ ಬಂದೇ ಇಲ್ಲ.

ಆ ತಲೆಸಾಲಿನಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಎಂದು ಮೂರು ಹೆಸರು. ಒಬ್ಬ ಮನುಷ್ಯನ ನೆಲ ಎಲ್ಲಿದೆ ಎಂದು ಸರ್ಕಾರ ಹೇಳುವುದು ಆ ಮೂರು ಹೆಸರಲ್ಲಿ. ಈ ಗೆರೆಗಳನ್ನು ಯಾರು, ಯಾಕೆ ಎಳೆದರು, ಈ ಹೆಸರುಗಳನ್ನು ಯಾರು ಇಟ್ಟರು ಎಂದು ನಮ್ಮಲ್ಲಿ ಇತಿಹಾಸ ಬರೆದವರಿದ್ದಾರೆ. ಆ ಕೆಲಸ ಚೆನ್ನಾಗಿ ಆಯಿತೇ ಎಂದು ಕೇಳಿದವರು ಕಡಿಮೆ. ನನ್ನ ಅಳತೆಗೋಲು ಎರಡೇ. ಕಚೇರಿಗೆ ಹೊರಟವನು ಬೆಳಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾನೆಯೇ? ಹೆಸರು ಕೇಳಿದವನಿಗೆ ಊರು ಕಾಣುತ್ತದೆಯೇ?

ಹಳಬರು ಸೀಮೆಯ ಹೆಸರಿನ ಜೊತೆಗೆ ಸಂಖ್ಯೆ ಸೇರಿಸುತ್ತಿದ್ದರು. ಗಂಗವಾಡಿ 96000, ನೊಳಂಬವಾಡಿ 32000, ಈಗಿನ ಹೆಗ್ಗಡದೇವನಕೋಟೆಯ ಕಡೆಗೆ ಪುನ್ನಾಡು 6000. ಆ ಸಂಖ್ಯೆ ಊರುಗಳದ್ದೋ ಆದಾಯದ್ದೋ ಎಂದು ವಿದ್ವಾಂಸರು ವಾದ ಮಾಡುತ್ತ ಬಂದಿದ್ದಾರೆ. ಏನೇ ಇರಲಿ, ನಾಡಿನ ಹೆಸರು ಕೇಳಿದರೆ ಅದರ ಗಾತ್ರವೂ ಕಿವಿಗೆ ಬೀಳುತ್ತಿತ್ತು. ಈಗಿನ ಆಡಳಿತದ ಚೌಕಟ್ಟು ಮಾತ್ರ ಕಮಿಷನರುಗಳ ಕಾಲದ್ದು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಕಬ್ಬನ್ ರಾಜ್ಯವನ್ನು ನಾಲ್ಕು ವಿಭಾಗ ಮಾಡಿಕೊಂಡು ನಡೆಸಿದ. ಅವನ ನಂತರ ಬಂದ ಬೌರಿಂಗ್ ಅದನ್ನು ಮೂರು ವಿಭಾಗ, ಎಂಟು ಜಿಲ್ಲೆ ಮಾಡಿದ. ಮೈಸೂರು, ಹಾಸನ ಸೇರಿ ಅಷ್ಟಗ್ರಾಮ ವಿಭಾಗ. ಕಾವೇರಿಯ ಆಚೆ ಈಚೆ ಶ್ರೀರಂಗಪಟ್ಟಣದ ಸುತ್ತ ಇದ್ದ ಎಂಟು ಹಳ್ಳಿಗಳ ನೆನಪು ಆ ಹೆಸರು. ಇವತ್ತು ಮೈಸೂರಿನಲ್ಲಿ ಅಷ್ಟಗ್ರಾಮ ಎಂದರೆ ತಿರುಗಿ ನೋಡುವವರಿಲ್ಲ. ಬೌರಿಂಗ್ ಕಾಲದ ಡೆಪ್ಯುಟಿ ಕಮಿಷನರ್ ಎಂಬ ಪದವಿಯ ಹೆಸರು ಮಾತ್ರ ಗಟ್ಟಿಯಾಗಿ ಉಳಿಯಿತು. ಮದರಾಸು, ಮುಂಬಯಿ ಸೀಮೆಯವರು ಕಲೆಕ್ಟರ್ ಎಂದರೆ ನಾವು ಡಿ.ಸಿ. ಸಾಹೇಬರು ಎನ್ನುತ್ತೇವೆ.

ಗೆರೆ ಎಳೆದ ಕೆಲಸವನ್ನು ನೋಡಿದರೆ ನನಗೆ ಮೊದಲು ಮೆಚ್ಚುಗೆಯಾಗುವುದು 1939ರ ಮಂಡ್ಯ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಇಳಿದ ಮೇಲೆ ಆ ಸೀಮೆಯ ಬದುಕೇ ಬೇರೆಯಾಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು, ಭತ್ತ ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ನಾಲೆ, ನೀರಿನ ಸರದಿ, ಕಬ್ಬಿನ ತೂಕ, ಕಂದಾಯ ಇವನ್ನೆಲ್ಲ ಮೈಸೂರಿನಲ್ಲಿ ಕೂತು ನೋಡಿಕೊಳ್ಳಲು ಆಗುತ್ತಿರಲಿಲ್ಲ. ಏಳು ತಾಲ್ಲೂಕು ಬಿಡಿಸಿ ಬೇರೆ ಜಿಲ್ಲೆ ಮಾಡಿದ್ದು ನೆಲದ ಬದಲಾವಣೆಯನ್ನು ಆಡಳಿತ ಹಿಂಬಾಲಿಸಿದ ಅಪರೂಪದ ಸಂದರ್ಭ. ನಮ್ಮಲ್ಲಿ ಬಹಳ ಸಲ ಆಗುವುದು ಇದರ ತಿರುವುಮುರುವು.

ಆ ಒಳ್ಳೆಯ ಕೆಲಸದಲ್ಲೂ ಒಂದು ಕೊಂಕು ಉಳಿಯಿತು. ಶ್ರೀರಂಗಪಟ್ಟಣ ಮೈಸೂರಿಗೆ 15 ಕಿ.ಮೀ., ಮಂಡ್ಯಕ್ಕೆ ಹತ್ತಿರ ಹತ್ತಿರ ಅದರ ಎರಡರಷ್ಟು. ಅಲ್ಲಿಯವರ ಸಂತೆ, ಆಸ್ಪತ್ರೆ, ಮಕ್ಕಳ ಕಾಲೇಜು ಮೈಸೂರಿನಲ್ಲಿ, ಜಿಲ್ಲಾಧಿಕಾರಿ ಮಂಡ್ಯದಲ್ಲಿ. ಮೈಸೂರಿನವರು ತಮ್ಮದೇ ಎಂದು ಹೇಳಿಕೊಳ್ಳುವ ಕನ್ನಂಬಾಡಿ ಕಟ್ಟೆ ಇರುವುದೂ ಮಂಡ್ಯ ಜಿಲ್ಲೆಯಲ್ಲೇ.

ಚಾಮರಾಜನಗರದ ಕಥೆ ಇಷ್ಟು ಸಲೀಸಲ್ಲ. 1997ರಲ್ಲಿ ಒಟ್ಟು ಏಳು ಜಿಲ್ಲೆಗಳು ಹುಟ್ಟಿದವು, ಅದರಲ್ಲಿ ಇದೊಂದು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ಮೈಸೂರಿನಿಂದ ಬೇರೆಯಾದವು. ನಾಲ್ಕಕ್ಕೂ ನಾಲ್ಕು ಬಗೆಯ ಹಿಂದಿನ ಕಥೆ. ಯಳಂದೂರು ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹೀಗೆ ಬೇರೆ ಬೇರೆ ಮನೆಯಲ್ಲಿ ಬೆಳೆದವರನ್ನು ಒಂದೇ ಸೂರಿನಡಿ ತಂದರು. ಗುಂಡ್ಲುಪೇಟೆಯವರಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು, ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜೂ ಬಂತು. ಆದರೆ ಜಿಲ್ಲೆಯ ಮುಖ್ಯ ಊರು ಪಶ್ಚಿಮದ ಅಂಚಿನ ಕಡೆಗಿದೆ. ಮಲೆಮಹದೇಶ್ವರ ಬೆಟ್ಟದ ತಪ್ಪಲಿನವನು ಕೊಳ್ಳೇಗಾಲ ದಾಟಿ ಇನ್ನೂ ಮುಂದೆ ಹೋಗಬೇಕು, ನೂರು ಕಿ.ಮೀ. ಮೀರಿದ ದಾರಿ. ನನ್ನ ಮೊದಲ ಪ್ರಶ್ನೆಗೆ ಅವನ ಉತ್ತರ ಈಗಲೂ ‘ಇಲ್ಲ’ ಎಂದೇ. ಇದರ ಜೊತೆಗೆ, ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮೂಢನಂಬಿಕೆಗೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಆ ಊರಿನ ಹೊಸಿಲು ತುಳಿಯಲಿಲ್ಲ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿ ಆ ಹೆದರಿಕೆಯನ್ನು ಮುರಿದರು. ಆಡಳಿತವನ್ನು ಜನರ ಹತ್ತಿರ ತರುತ್ತೇವೆಂದು ಜಿಲ್ಲೆ ಮಾಡಿದ ರಾಜ್ಯ, ಆ ಜಿಲ್ಲೆಯ ಜನರನ್ನು ಅಷ್ಟು ಕಾಲ ಅಪಶಕುನದವರಂತೆ ಕಂಡದ್ದು ನನಗೆ ಇಂದಿಗೂ ನೋಯುವ ಸಂಗತಿ.

1790ರಲ್ಲಿ ಫ್ರಾನ್ಸಿನವರು ತಮ್ಮ ಹಳೆಯ ಪ್ರಾಂತ್ಯಗಳನ್ನು ಅಳಿಸಿ 83 ವಿಭಾಗ ಮಾಡಿಕೊಂಡಾಗ, ಕುದುರೆಯ ಮೇಲೆ ಒಂದು ದಿನದಲ್ಲಿ ಕೇಂದ್ರ ಸ್ಥಳ ತಲುಪುವಂತಿರಬೇಕು ಎಂಬ ಅಳತೆ ಇಟ್ಟುಕೊಂಡರೆಂದು ಹೇಳುತ್ತಾರೆ. ಹೆಸರುಗಳನ್ನು ರಾಜರಿಂದ ತರಲಿಲ್ಲ. ಹೆಚ್ಚಿನವನ್ನು ಹೊಳೆಗಳಿಂದ, ಬೆಟ್ಟಗಳಿಂದ ತಂದರು. ನಮ್ಮಲ್ಲಿ ಕಾವೇರಿ, ಕಪಿಲೆ, ಹೇಮಾವತಿ, ಲಕ್ಷ್ಮಣತೀರ್ಥ ಹರಿಯುತ್ತವೆ, ಆದರೂ ಕರ್ನಾಟಕದ 31 ಜಿಲ್ಲೆಗಳಲ್ಲಿ ಒಂದಕ್ಕೂ ಹೊಳೆಯ ಹೆಸರಿಲ್ಲ.

ಹೊಳೆಯ ಹೆಸರಿನ ತಾಲ್ಲೂಕೊಂದು ನಮಗಿತ್ತು. ಅದು ಎಡತೊರೆ. ತೊರೆ ಎಂದರೆ ಹೊಳೆ. ಎಡಕ್ಕೆ ಹೊಳೆ ಇಟ್ಟುಕೊಂಡ ಊರು. ಹೆಸರು ಕೇಳುತ್ತಲೇ ಕಾವೇರಿಯ ದಂಡೆಯೂ ಅರ್ಕೇಶ್ವರನ ಗುಡಿಯೂ ಕಣ್ಣಿಗೆ ಕಟ್ಟುತ್ತವೆ. ಪ್ರವಾಹದ ಕಾಟಕ್ಕೆ ಊರನ್ನು ಎತ್ತರದ ಜಾಗಕ್ಕೆ ಒಯ್ದು, ಹೊಸ ಊರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅವರ ಕಾಲದಲ್ಲಿ ಈ ಸೀಮೆಗೆ ಬಂದ ನೀರು, ಬೆಳಕು, ಶಾಲೆಗಳನ್ನು ನೆನೆದರೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಕೃಷ್ಣರಾಜನಗರ ಎಂದು ಯಾರೂ ಹೇಳುವುದಿಲ್ಲ. ಬಸ್ಸಿನ ಬೋರ್ಡಿನಲ್ಲಿ, ಕಚೇರಿಯ ಸೀಲಿನಲ್ಲಿ, ಪಹಣಿಯಲ್ಲಿ ಕೆ.ಆರ್. ನಗರ. ದೊರೆಯ ಹೆಸರಲ್ಲಿ ಉಳಿದದ್ದು ಎರಡು ಇಂಗ್ಲಿಷ್ ಅಕ್ಷರ. ಅತ್ತಿಕುಪ್ಪೆ ಹೋಗಿ ಕೆ.ಆರ್. ಪೇಟೆ ಬಂತು. ಮೈಸೂರು ನಗರದೊಳಗೆ ಕೆ.ಆರ್. ಸರ್ಕಲ್, ಕೆ.ಆರ್. ಮೊಹಲ್ಲಾ, ಆಚೆಗೆ ಕೆ.ಆರ್.ಎಸ್. ಹತ್ತು ವರ್ಷದ ಮಗುವನ್ನು ಕೇಳಿ ನೋಡಿ, ಕೆ.ಆರ್. ಎಂದರೆ ಯಾರು ಎಂದು. ಹೊಳೆಯೂ ಮರೆಯಾಯಿತು, ದೊರೆಯೂ ಮರೆಯಾದರು.

ನಮ್ಮ ಹೆಸರಿಡುವ ಪದ್ಧತಿಯ ದೊಡ್ಡ ತಪ್ಪು ಇದೇ ಎಂದು ನನ್ನ ಎಣಿಕೆ. ಊರಿಗೆ ಹೊಸ ಹೆಸರು ಬಂದದ್ದಕ್ಕೆ ನಾನು ಅಷ್ಟಾಗಿ ಅಳುವುದಿಲ್ಲ, ಜನ ಅದನ್ನು ಅರಗಿಸಿಕೊಳ್ಳುತ್ತಾರೆ, ಬೇಡವಾದರೆ ಉಗುಳುತ್ತಾರೆ. ಅರಿಕುಠಾರವನ್ನು ಚಾಮರಾಜನಗರ ಎಂದಾಗ ಜನ ಒಪ್ಪಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಹುಟ್ಟಿದ ಊರು ಅದು, ಮಗ ಅಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿದರು, ಹೆಸರಿಗೆ ಒಂದು ಬೇರು ಸಿಕ್ಕಿತು. ಟಿಪ್ಪು ಹಳೆಯ ಊರುಗಳಿಗೆ ಅಂಟಿಸಿದ ಹೆಸರುಗಳಲ್ಲಿ ಹೆಚ್ಚಿನವು ಉದುರಿಹೋದವು. ಚಿತ್ರದುರ್ಗ ಚಿತ್ರದುರ್ಗವಾಗಿಯೇ ಇದೆ. ನಜರ್‌ಬಾದು ಮಾತ್ರ ನಿಂತಿತು. ಮೈಸೂರಿನ ಹಳೆಯ ಕೋಟೆ ಕೆಡವಿಸಿ ಆ ಕಲ್ಲಿನಿಂದ ಹೊಸದಾಗಿ ಕಟ್ಟಲು ಹೊರಟ ಜಾಗ ಅದು. 1799ರ ನಂತರ ಕಲ್ಲುಗಳು ಮತ್ತೆ ಹಿಂದಕ್ಕೆ ಬಂದವು, ಕೋಟೆ ಉಳಿಯಲಿಲ್ಲ, ಹೆಸರು ಉಳಿಯಿತು. ಇನ್ನೊಂದು ಹೆಸರನ್ನು ತಳ್ಳಿ ಕೂತ ಹೆಸರಲ್ಲ ಅದು, ಹಾಗಾಗಿ ಅದಕ್ಕೆ ಎದುರಾಳಿಯೇ ಇರಲಿಲ್ಲ. ಕೃಷ್ಣರಾಜಸಾಗರ ಎಂದು ಸರ್ಕಾರ ಎಷ್ಟೇ ಬರೆದರೂ ನಮ್ಮ ಕಡೆಯ ರೈತರಿಗೆ ಅದು ಕನ್ನಂಬಾಡಿ ಕಟ್ಟೆಯೇ. ಮುಳುಗಿದ ಹಳ್ಳಿಯ ಹೆಸರನ್ನು ನೀರಿನ ಮೇಲೆ ತೇಲಿಸಿಕೊಂಡು ಬಂದವರು ಅವರು.

ಅಂದರೆ ಹೆಸರು ಬದಲಾದರೆ ಜನರ ಕೈಯಲ್ಲಿ ಮದ್ದಿದೆ. ಹೆಸರು ಅಕ್ಷರವಾಗಿ ಒಣಗಿದರೆ ಮದ್ದಿಲ್ಲ. ಹೆಗ್ಗಡದೇವನಕೋಟೆ ಎಷ್ಟು ತುಂಬಿದ ಮಾತು! ಹೆಗ್ಗಡೆ, ದೇವ, ಕೋಟೆ ಮೂರೂ ಅದರಲ್ಲಿವೆ. ಅದನ್ನು ಎಚ್.ಡಿ. ಕೋಟೆ ಮಾಡಿದ್ದು ಇಂಗ್ಲಿಷ್ ಕಚೇರಿ. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯೆಂದು ಕಾಯ್ದೆ ಮಾಡಿದ ಮೇಲೂ ನಾವು ಆ ಎರಡು ಅಕ್ಷರಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಸುಮ್ಮನಾದೆವು. ಆ ಕಡೆಯ ಜನ ಅದನ್ನೂ ಹೇಳುವುದಿಲ್ಲ. ಬರೀ ‘ಕೋಟೆ’ ಎನ್ನುತ್ತಾರೆ. ‘ಕೋಟೆಗೆ ಹೋಗ್ಬಂದೆ’ ಎಂದರೆ ಸಾಕು, ಎಲ್ಲರಿಗೂ ಗೊತ್ತು. ತಿರುಮಕೂಡಲು ನರಸೀಪುರಕ್ಕೂ ಹಾಗೆಯೇ ‘ನರಸೀಪುರ’ ಎಂಬ ಆಸರೆ ಇದೆ, ಆದರೆ ಕಾವೇರಿ ಕಪಿಲೆಗಳು ಕೂಡುವುದನ್ನು ಹೇಳುತ್ತಿದ್ದ ತಿರುಮಕೂಡಲು ಬರೀ ‘ಟಿ.’ ಆಯಿತು. ಕೆ.ಆರ್. ನಗರಕ್ಕೆ ಆ ಆಸರೆಯೂ ಇಲ್ಲ, ಅಕ್ಷರ ತೆಗೆದರೆ ಉಳಿಯುವುದು ನಗರ ಮಾತ್ರ. 2014ರ ರಾಜ್ಯೋತ್ಸವದ ದಿನ ಮೈಸೂರು ಸೇರಿ 12 ಊರುಗಳ ಇಂಗ್ಲಿಷ್ ಹೆಸರನ್ನು ನಮ್ಮ ಉಚ್ಚಾರಕ್ಕೆ ತಕ್ಕಂತೆ ತಿದ್ದಿದರು. ಆ ದಿನವೇ ಈ ತಾಲ್ಲೂಕುಗಳ ಪೂರ್ತಿ ಹೆಸರನ್ನೂ ಕಡ್ಡಾಯ ಮಾಡಿದ್ದರೆ ಕೆಲಸ ಪೂರ್ತಿಯಾಗುತ್ತಿತ್ತು. ಬೋರ್ಡು ಬರೆಯುವವರಿಗೆ ನಾಲ್ಕು ಅಕ್ಷರ ಜಾಸ್ತಿ, ಅಷ್ಟೇ.

ಹೊಸ ತಾಲ್ಲೂಕುಗಳ ವಿಷಯದಲ್ಲಿ ಈ ತಪ್ಪು ಆಗಲಿಲ್ಲ ಎಂಬುದನ್ನೂ ಹೇಳಬೇಕು. ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್, ಎಂ.ಬಿ. ಪ್ರಕಾಶ್ ಎಂದು ಸಮಿತಿಯ ಮೇಲೆ ಸಮಿತಿ ಕೂತು ವರದಿ ಕೊಟ್ಟವು. 2013ರ ಬಜೆಟ್ಟಿನಲ್ಲಿ 43 ತಾಲ್ಲೂಕು ಎಂದರು, ಕೊನೆಗೆ 2017ರ ಬಜೆಟ್ಟಿನಲ್ಲಿ 49 ಘೋಷಣೆಯಾಗಿ 2018ರಿಂದ ಜಾರಿಗೆ ಬಂದವು. ಕೋಟೆಯಿಂದ ಸರಗೂರು ಬೇರೆಯಾಯಿತು, ಆಮೇಲೆ ಕೃಷ್ಣರಾಜನಗರದಿಂದ ಸಾಲಿಗ್ರಾಮ. ಎರಡೂ ಹೋಬಳಿಗಳಾಗಿದ್ದ ಊರುಗಳು, ಎರಡಕ್ಕೂ ತಮ್ಮ ಹೆಸರೇ ಉಳಿಯಿತು. ಯಾವ ನಾಯಕರ ಹೆಸರನ್ನೂ ಹೊರಿಸಲಿಲ್ಲ. ಫಲಕ ಬಂದಷ್ಟು ಬೇಗ ಕಚೇರಿಗಳು ಬರಲಿಲ್ಲ ಎಂಬ ದೂರು ಹಲವು ಹೊಸ ತಾಲ್ಲೂಕುಗಳದ್ದು, ಅದು ನಿಜವಾದ ದೂರು. ತಹಶೀಲ್ದಾರರು ಇಲ್ಲಿ, ಕೋರ್ಟು ಅಲ್ಲಿ ಎಂದಾದರೆ ಹಳ್ಳಿಯವನಿಗೆ ಎರಡು ಬಸ್ಸಿನ ಚಾರ್ಜು. ಆದರೂ ಕಾಡಂಚಿನ ಮನುಷ್ಯನಿಗೆ ಸರಗೂರು ತಾಲ್ಲೂಕಾದದ್ದು ಒಳ್ಳೆಯದೇ ಎಂದು ನಾನು ನಂಬಿದ್ದೇನೆ.

2019ರಲ್ಲಿ ಎಚ್. ವಿಶ್ವನಾಥ್ ಅವರು ಹುಣಸೂರನ್ನು ಕೇಂದ್ರ ಮಾಡಿ, ಸುತ್ತಲ ತಾಲ್ಲೂಕುಗಳನ್ನು ಸೇರಿಸಿ ದೇವರಾಜ ಅರಸು ಅವರ ಹೆಸರಿನ ಜಿಲ್ಲೆ ಬೇಕೆಂದರು. ಕಲ್ಲಹಳ್ಳಿಯ ಅರಸು ಅವರ ಭೂಸುಧಾರಣೆಯಿಂದ ಪಹಣಿಯಲ್ಲಿ ಮೊದಲ ಸಲ ಹೆಸರು ಕಂಡ ಗೇಣಿದಾರರೆಷ್ಟೋ ಮಂದಿ. ಅವರ ಕಾಲದಲ್ಲೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು. ಅವರ ಬಗ್ಗೆ ನನ್ನ ಗೌರವ ದೊಡ್ಡದು. ಅದೇ ಕಾರಣಕ್ಕೆ ಅವರ ಹೆಸರಿನ ಜಿಲ್ಲೆ ಬೇಡ ಎನ್ನುತ್ತೇನೆ. ಹತ್ತು ವರ್ಷದಲ್ಲಿ ಅದು ಡಿ.ಡಿ. ಅರಸು ಜಿಲ್ಲೆ, ಇಪ್ಪತ್ತು ವರ್ಷದಲ್ಲಿ ಡಿ.ಡಿ.ಯು. ಆಗುತ್ತದೆ. ಜಿಲ್ಲೆ ಆಗಲೇಬೇಕಾದರೆ ಹುಣಸೂರು ಎಂದೇ ಇರಲಿ, ಹುಣಸೆಮರದ ನೆರಳಿನ ಹೆಸರು ಅದು. ರಾಮನಗರವನ್ನು ನೋಡಿ: ಶಂಸೇರಾಬಾದು ಆಗಿ, ಕ್ಲೋಸ್‌ಪೇಟೆ ಆಗಿ, ರಾಮನಗರವಾಗಿ, 2007ರಲ್ಲಿ ಜಿಲ್ಲೆಯೂ ಆಗಿ, 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ದಿಕ್ಕು ಊರಲ್ಲ. ಜಮೀನಿನ ಬೆಲೆ ಏರಬಹುದು, ಆದರೆ ಆ ಬಂಡೆಗಳ ಸೀಮೆಯವನು ತಾನು ಇನ್ನೊಂದು ಊರಿನ ತೆಂಕಣ ಬದಿಯವನು ಎಂದು ಹೇಳಿಕೊಳ್ಳಬೇಕಾಯಿತು.

ಮತ್ತೆ ಪಹಣಿಗೆ ಬರುತ್ತೇನೆ. ತಲೆಸಾಲಿನ ಕೊನೆಯ ಹೆಸರು ಗ್ರಾಮದ್ದು, ಅದನ್ನು ಸರ್ಕಾರ ಅಷ್ಟಾಗಿ ಮುಟ್ಟಿಲ್ಲ. ನಮ್ಮ ಕಡೆಯ ಹುಂಡಿಗಳು, ಕೊಪ್ಪಲುಗಳು ಅಲ್ಲಿವೆ. ಸಿದ್ದರಾಮನಹುಂಡಿ, ಕನ್ನೇಗೌಡನಕೊಪ್ಪಲು ಎಂದರೆ ಮೊದಲು ಗುಡಿಸಲು ಹಾಕಿ ದನ ಕಟ್ಟಿದವನ ಹೆಸರು ಅಲ್ಲೇ ಇದೆ. ಕೊಪ್ಪಲುಗಳಲ್ಲಿ ಎಷ್ಟೋ ಈಗ ಮೈಸೂರು ನಗರದೊಳಗೆ ಸೇರಿ ವಾರ್ಡಿನ ನಂಬರಾಗಿವೆ.

ಕಂದಾಯದ ಕಡತದಲ್ಲಿ ‘ಬೇಚಿರಾಕ್’ ಗ್ರಾಮ ಎಂಬ ಬಗೆಯೊಂದಿದೆ. ಪಾರ್ಸಿಯ ಮಾತು, ದೀಪವಿಲ್ಲದ್ದು ಎಂದು ಅರ್ಥ. ಜನ ಬಿಟ್ಟುಹೋಗಿ ಎಷ್ಟು ಕಾಲವಾದರೂ ಅಂಥ ಊರಿಗೆ ದಾಖಲೆಯಲ್ಲಿ ಹೆಸರಿದೆ, ಗಡಿ ಇದೆ, ಸರ್ವೆ ನಂಬರಿದೆ. ಅದೇ ಕಡತದಲ್ಲಿ ಕೋಟೆ, ಸರಗೂರು ಕಡೆಯ ಜೇನುಕುರುಬರ, ಬೆಟ್ಟಕುರುಬರ ಎಷ್ಟೋ ಹಾಡಿಗಳಿಗೆ ಬಹುಕಾಲ ಜಾಗವಿರಲಿಲ್ಲ. ಪ್ರತಿ ಸಂಜೆ ಅಲ್ಲಿ ದೀಪ ಉರಿಯುತ್ತಿತ್ತು. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಆ ಜಾಗದ ಹಕ್ಕು ಕೊಡಲು, ಅವನ್ನು ಕಂದಾಯ ಗ್ರಾಮ ಮಾಡಲು ದಾರಿಯಾದದ್ದು ತೀರ ಈಚೆಗೆ. ಜಿಲ್ಲೆ ಒಡೆದದ್ದಕ್ಕಿಂತ ಇದು ದೊಡ್ಡ ಕೆಲಸ ಎಂದು ನಾನು ಎಣಿಸುತ್ತೇನೆ. ಅಲ್ಲಿಗೆ ಹೋಗುವ ಗ್ರಾಮ ಆಡಳಿತಾಧಿಕಾರಿಗಳು ಹೆಸರಿನ ಅಂಕಣ ತುಂಬುವ ಮೊದಲು ಹಾಡಿಯ ಯಜಮಾನನನ್ನು, ಅವನ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ‘ನೀವು ಇದನ್ನ ಏನಂತ ಕರೀತೀರಿ?’ ಎಂದು ಕೇಳಲಿ. ಅವರು ಹೇಳಿದ್ದನ್ನು ಪೂರ್ತಿಯಾಗಿ, ಒಂದು ಅಕ್ಷರವನ್ನೂ ಬಿಡದೆ ಬರೆದುಕೊಳ್ಳಲಿ.